ಟೇಪಕ್ಕ ಠಾಣೆಗೆ ಹೋದದ್ದು

ಕತ್ತಿನಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಊರೆಲ್ಲ ಓಡಾಡುವ ದರ್ಜಿ ಹೆಂಗಸನ್ನು ಟೇಪಕ್ಕ ಎನ್ನದೆ ಇನ್ನೇನನ್ನುತ್ತಾರೆ? ಹೊಲಿಗೆ ಅವಳ ಹೊಟ್ಟೆಪಾಡು. ಇನ್ನೊಂದು ಕೆಲಸಕ್ಕೆ ಬಿಡಿಗಾಸೂ ಸಿಗುತ್ತಿರಲಿಲ್ಲ: ಊರಿನ ನಾಗರಿಕ ಸಮಿತಿಯ ಪರವಾಗಿ ಪೊಲೀಸ್ ಠಾಣೆಗೆ ಹೋಗಿ, ಲಾಕಪ್ಪಿನಲ್ಲಿರುವವರನ್ನು ಮಾತಾಡಿಸಿ ಬರುವುದು. ಮುಂಚೆ ತಿಳಿಸಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ, ಕಾನೂನೇ ಹಾಗಿತ್ತು. ಯಾರಿಗಾದರೂ ಏಟು ಬಿದ್ದಿದ್ದರೆ ಸಮಿತಿ ನ್ಯಾಯಾಧೀಶರಿಗೆ ತಿಳಿಸುತ್ತಿತ್ತು.

ಹಿಂದಿನ ಇನ್‌ಸ್ಪೆಕ್ಟರನ ಕಾಲವೇ ಕಾಲ. ಅವನಿಗಿಂತ ಮೊದಲು ಅವನ ಮೀಸೆ ಬಾಗಿಲು ದಾಟುತ್ತಿತ್ತು. ಟೇಪಕ್ಕನಿಗೂ ಅವನಿಗೂ ಎಣ್ಣೆ ಸೀಗೆಕಾಯಿ. "ಬಂದ್ಳಪ್ಪಾ ನಮ್ಮ ಮೇಲಧಿಕಾರಿ!" ಎಂದು ಗೊಣಗುತ್ತಲೇ ಬೀಗದ ಕೈ ಎಸೆಯುತ್ತಿದ್ದ. ಅವಳು ಕೂರುತ್ತಿರಲಿಲ್ಲ, ಅವನು ಕೂರಿಸುತ್ತಿರಲಿಲ್ಲ. ಅವನು ನಿವೃತ್ತನಾದ ದಿನ ಮಾತ್ರ ಅವಳಿಗೆ ಯಾಕೋ ಹೊಲಿಗೆ ಯಂತ್ರ ತುಳಿಯಲು ಕಾಲೇ ಬರಲಿಲ್ಲ.

ಅವನ ಕುರ್ಚಿಗೆ ಬಂದವನು ಟೇಪಕ್ಕನ ತಂಗಿಯ ಮಗ, ಪುಟ್ಟ. ತಾಯಿ ಸತ್ತ ಹುಡುಗನನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಸಮಿತಿಯಲ್ಲಿದ್ದ ಔಷಧಿ ಅಂಗಡಿಯವರು, "ಅಕ್ಕಾ, ಆ ಠಾಣೆ ಇನ್ಮೇಲೆ ನಾನು ನೋಡ್ಕೊಳ್ತೀನಿ ಬಿಡಿ" ಎಂದರು.

"ಯಾಕೆ, ನನ್ನ ಮಗನ ಕಿವಿ ಹಿಂಡೋಕೆ ಬೇರೆಯವರು ಬೇಕಾ?" ಎಂದು ಟೇಪಕ್ಕ ಹೊರಟೇಬಿಟ್ಟಳು.

"ಬಾ ದೊಡ್ಡಮ್ಮ!" ಎಂದು ಪುಟ್ಟ ಎದ್ದು ಕುರ್ಚಿ ಎಳೆದ. ಚಹಾ ತರಿಸಿದ. ಸಮವಸ್ತ್ರದಲ್ಲಿ ಅವನನ್ನು ಕಂಡು ಅವಳ ಕಣ್ಣು ತುಂಬಿತು.

"ನೆನಪಿದ್ಯಾ, ಪರದೆ ಬಟ್ಟೆ ಉಳೀತು ಅಂತ ನಂಗೆ ಹೂವಿನ ಚಡ್ಡಿ ಹೊಲ್ದಿದ್ದೆ?"

"ನೆನಪಿಲ್ದೆ ಏನು! ಅದನ್ನ ಹಾಕ್ಕೊಳ್ಳಲ್ಲ ಅಂತ ಮಂಚದ ಕೆಳಗೆ ಸೇರ್ಕೊಂಡಿದ್ಯಲ್ಲೋ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಒಂದು ನೆನಪು ಇನ್ನೊಂದನ್ನು ಎಳೆದು ತಂದಿತು: ಸೋರುತ್ತಿದ್ದ ಬಾಡಿಗೆ ಮನೆ, ತಂಗಿ ಪಾತ್ರೆ ತೊಳೆಯುತ್ತಾ ಹಾಡುತ್ತಿದ್ದದ್ದು, ಮೀಸೆಯವನ ಗೊಣಗಾಟ. ಪುಟ್ಟ ಅವನಂತೆಯೇ ಗೊಣಗಿ ತೋರಿಸಿದಾಗ ಅವಳು ಹೊಟ್ಟೆ ಹಿಡಿದುಕೊಂಡಳು. ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಚಹಾ ಮುಗಿದು ಇನ್ನೊಂದು ಬಂತು.

ಕೊನೆಗೆ ಎದ್ದಳು. "ನಡಿ, ಲಾಕಪ್ ನೋಡ್ಬಿಟ್ಟು ಹೋಗ್ತೀನಿ."

"ನಾನೇ ಇದ್ದೀನಲ್ಲ ದೊಡ್ಡಮ್ಮ, ನೋಡೋದೇನಿದೆ?" ಎಂದರೂ ಬೀಗ ತೆಗೆಸಿದ. ನಿಯಮದಂತೆ ತಾನು ದೂರ ನಿಂತ.

ಮೂಲೆಯಲ್ಲಿ ಒಬ್ಬ ಪೇಂಟರ್ ಕೂತಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಬಣ್ಣವಿತ್ತು. ಜೀವಮಾನವೆಲ್ಲ ಹೆಗಲು ಅಳೆದವಳಿಗೆ ನೋಡಿದೊಡನೆ ಗೊತ್ತಾಯಿತು: ಅವನ ಬಲ ಹೆಗಲು ಜಾರಿತ್ತು. ಆ ಕೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡಿದ್ದ.

"ಯಾರಪ್ಪ ಹೊಡೆದ್ರು?"

"ಯಾರೂ ಇಲ್ಲಮ್ಮ."

"ಹೆದರ್ಕೋಬೇಡ. ನಾನು ಪೊಲೀಸಿನವಳಲ್ಲ, ಊರಿನವರ ಕಡೆಯವಳು."

ಅವನು ಅವಳ ಮುಖ ನೋಡಿದ. "ನೀವು ನಗ್ತಾ ಇದ್ದಿದ್ದು ಇಲ್ಲಿಗೂ ಕೇಳಿಸ್ತಿತ್ತಮ್ಮ" ಎಂದ ಮೆಲ್ಲಗೆ. "ನಾನು ಚೆನ್ನಾಗೇ ಇದ್ದೀನಿ."

ಹಿಂದೆ ಈ ಕೋಣೆಯಲ್ಲಿ ಯಾರೂ ಟೇಪಕ್ಕನಿಗೆ ಇಂಥ ಮಾತು ಹೇಳಿರಲಿಲ್ಲ. ಆ ಜಗಳಗಂಟ ಪುಣ್ಯಾತ್ಮ ಅವಳನ್ನು ಒಂದು ದಿನವೂ ನಗಿಸಿರಲಿಲ್ಲ.

ಹೊರಗೆ ಬಂದು ಔಷಧಿ ಅಂಗಡಿಗೆ ಫೋನ್ ಮಾಡಿದಳು. "ನೀವೇ ಬನ್ನಿ, ಈಗ್ಲೇ. ಡಾಕ್ಟರನ್ನೂ ಕರ್ಕೊಂಡು ಬನ್ನಿ. ಇಲ್ಲೊಬ್ಬ ನನ್ನ ಮುಂದೆ ಬಾಯಿ ಬಿಡ್ತಿಲ್ಲ."

"ದೊಡ್ಡಮ್ಮ, ನನ್ನ ಕೆಲಸ ಹೋಗುತ್ತೆ" ಎಂದು ಪುಟ್ಟ ಪಿಸುಗುಟ್ಟಿದ.

ಅವಳಿಗೆ ಅವನನ್ನು ಬಾಚಿ ತಬ್ಬಿಕೊಳ್ಳಬೇಕೆನಿಸಿತು, ಕಪಾಳಕ್ಕೆ ಬಾರಿಸಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. "ಅವನ ತೋಳು ಹೋಗಿದೆ ಕಣೋ" ಎಂದು ಠಾಣೆಯ ಮೆಟ್ಟಿಲ ಮೇಲೆ ಹೋಗಿ ಕೂತಳು.

ಔಷಧಿ ಅಂಗಡಿಯವರು, ಡಾಕ್ಟರು ಒಳಗೆ ಹೋದರು. ಆಮೇಲೆ ಪೇಂಟರ್ ಅಳುವುದು ಕೇಳಿಸಿತು. ಅಳುತ್ತಲೇ ಎಲ್ಲವನ್ನೂ ಹೇಳುತ್ತಿದ್ದ. ಹೊಡೆದವನ ಎದೆಯ ಪಟ್ಟಿಯಲ್ಲಿ ಓದಿಕೊಂಡಿದ್ದ ಹೆಸರನ್ನೂ ಹೇಳಿದ. ಆ ಹೆಸರು ಇಟ್ಟವಳು ಟೇಪಕ್ಕನೇ.