ಕುಣಿ ತೋಡುವವರ ಚಹಾ

ಯಂಕವ್ವ ದಿನಾ ಬೆಳಿಗ್ಗೆ ಕೊನೆಯ ಎರಡು ರೊಟ್ಟಿಗಳನ್ನು ದಪ್ಪಗೆ ಬಡಿಯುತ್ತಿದ್ದಳು. ಅವು ಗಂಡ ಗ್ಯಾನಪ್ಪನ ಪಾಲಿನವು. ಅವನು ಎದ್ದು ಉಣ್ಣಲು ಕೂರುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿರುತ್ತಿತ್ತು. ತೆಳು ರೊಟ್ಟಿಯಾದರೆ ಅಷ್ಟರಲ್ಲಿ ಹಪ್ಪಳವಾಗಿ ಅವನ ಅಲುಗಾಡುವ ಹಲ್ಲಿಗೆ ಬಗ್ಗುತ್ತಿರಲಿಲ್ಲ. ಕುಡಿದು ಬಂದವನನ್ನು ಬೈಯುವುದನ್ನು ಅವಳು ಎಂದೋ ಬಿಟ್ಟಿದ್ದಳು. ಬೈಯಲಿಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಆ ದಿನವೂ ರೊಟ್ಟಿ ಮುಗಿಸಿ, ಹೊರಗೆ ಕಟ್ಟೆಯ ಮೇಲೆ ಮಲಗಿದ್ದ ಗಂಡನನ್ನು ಎಬ್ಬಿಸಲು ಚೊಂಬು ಹಿಡಿದು ಬಂದಳು. ಅವಳು ಮುಖಕ್ಕೆ ನೀರೆರಚುವುದು, ಅವನು ಗೊಣಗುತ್ತ ಏಳುವುದು, ಇಬ್ಬರ ದಿನ ಶುರುವಾಗುತ್ತಿದ್ದದ್ದೇ ಹಾಗೆ. ನೀರೆರಚಿದಳು. ಅದು ಅವನ ಕಣ್ಣಿನ ಗುಳಿಯಲ್ಲಿ ಹಾಗೇ ನಿಂತಿತು.

ಓಣಿ ಕೂಡಿತು. ಎರಡು ಓಣಿ ಆಚೆ ಇದ್ದ ಮಗಳು ಗೌತಮಿ ಗಂಡ ದ್ಯಾಮೇಶನೊಂದಿಗೆ ಓಡಿ ಬಂದು ಅಪ್ಪನ ಮೇಲೆ ಬಿದ್ದು ಅತ್ತಳು. ಯಂಕವ್ವನಿಗೆ ಅಳು ಬರಲಿಲ್ಲ. ಗ್ಯಾನಪ್ಪನ ಹೊಟ್ಟೆ ಊದಿ ಮುಖ ಅರಿಷಿಣಕ್ಕೆ ತಿರುಗಿದಾಗಲೇ ರೋಣದ ಡಾಕ್ಟರು ಕೈ ಚೆಲ್ಲಿದ್ದರು. ಅವಳ ಅಳು ಆಗಲೇ ಕಂತಿನ ಮೇಲೆ ಮುಗಿದುಹೋಗಿತ್ತು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲವೆಂದು ಪಕ್ಕದ ಮನೆಯ ರಮಜಾನಬಿ ಕಿಟ್ಲಿಯಲ್ಲಿ ಚಹಾ ಮಾಡಿ ತಂದಳು.

ಹೊತ್ತು ಏರುತ್ತಿದ್ದಂತೆ ಶಿವನಪ್ಪ ಬಂದ. ಊರಲ್ಲಿ ಯಾರೇ ಸತ್ತರೂ ಕುಣಿ ತೋಡುವವರು ನಾಲ್ವರು. ಶಿವನಪ್ಪ ಅವರಲ್ಲಿ ಹಿರಿಯ. ನಾಲ್ಕನೆಯವನು ಇಷ್ಟು ದಿನ ಗ್ಯಾನಪ್ಪನೇ ಆಗಿದ್ದ.

"ಯಂಕವ್ವಾ, ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕು," ಎಂದ ಶಿವನಪ್ಪ, ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತ. "ನಾವು ಮೂರ ಮಂದಿ ಅದೀವಿ. ಅವನ ಜಾಗಾಕ್ಕ ನಿನ್ನ ಅಳಿಯಾನ್ನ ಕರ್ಕೊಂಡು ಹೊಕ್ಕೀವಿ. ಮತ್ತ... ನಮ್ಮ ಬಾಟ್ಲಿದು ಒಂದು ವ್ಯವಸ್ಥಾ ಮಾಡಿಬಿಡು."

ಇದು ಯಾರೂ ಬರೆದಿಟ್ಟ ಪದ್ಧತಿಯಲ್ಲ, ಆದರೆ ಯಾರೂ ಮುರಿದದ್ದಿಲ್ಲ. ಕುಣಿ ತೋಡುವವರಿಗೆ ಸತ್ತವರ ಮನೆಯವರು ಬಾಟಲಿ ಕೊಡಬೇಕು. ಮೊದಲ ಗ್ಲಾಸು ಹೊಸದಾಗಿ ಬಂದವನಿಗೆ. ಅತ್ತೆ ಸತ್ತಾಗ ಯಂಕವ್ವ ತವರಿನ ತಾಮ್ರದ ಕೊಡ ಮಾರಿ ಕೊಟ್ಟಿದ್ದಳು. ಇನ್ನೂ ಒಂದು ಮಾತಿದೆ, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಊರಲ್ಲಿ ಯಾರಾದರೂ ಸತ್ತ ಸುದ್ದಿ ಬಂದರೆ ಅವಳಿಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಇವತ್ತು ಇವನಿಗೆ ಕುಡಿಯಲು ಹೊರಗೇ ಸಿಗುತ್ತದೆ, ಮಾರಲು ಮನೆಯ ಜೋಳಕ್ಕೆ ಕೈ ಹಾಕುವುದಿಲ್ಲ ಎಂದು. ಮಂದಿಯ ಸಾವಿನಲ್ಲಿ ತನ್ನ ಜೋಳ ಉಳಿಯಿತೆಂದು ಎಣಿಸುವ ಹೆಂಗಸಾಗಿಬಿಟ್ಟೆನಲ್ಲ ಎಂದು ಹೇಸಿಕೆಯೂ ಆಗುತ್ತಿತ್ತು.

ಅವಳು ದ್ಯಾಮೇಶನ ಕಡೆ ನೋಡಿದಳು. ಮಗಳನ್ನು ಕೊಡುವಾಗ ಅವಳು ಹೊಲ ಕೇಳಿರಲಿಲ್ಲ, ಮನೆ ಕೇಳಿರಲಿಲ್ಲ. "ಹುಡುಗಾ ಕುಡೀತಾನೇನು?" ಎಂದಷ್ಟೇ ಕೇಳಿದ್ದಳು. ಗೌತಮಿಯೂ ಅಳು ನಿಲ್ಲಿಸಿ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಬಾಟ್ಲಿ ಕೊಡಂಗಿಲ್ಲಣ್ಣಾ," ಎಂದಳು ಯಂಕವ್ವ.

"ರೊಕ್ಕ ಇಲ್ಲಂದ್ರ ನಾವ ತರತೀವಿ, ಆಮ್ಯಾಲೆ ಕೊಡು."

"ರೊಕ್ಕದ ಮಾತಲ್ಲ. ಇವರ ಹೆಸರಿನ್ಯಾಗ ಬಾಟ್ಲಿ ಬ್ಯಾಡ."

ಶಿವನಪ್ಪನಿಗೆ ಸಿಟ್ಟು ಬರಲಿಲ್ಲ, ತಬ್ಬಿಬ್ಬಾಯಿತು. "ತಂಗಿ, ಕುಣಿ ಅಂದ್ರ ಬದುವಿನ ಕೆಲಸ ಅಲ್ಲ. ಸೊಂಟದ ಮಟ ಹೋಗೂದ್ರಾಗ ಯಾರದೋ ಹಳೇ ಎಲುಬು ಕೈಗೆ ಬರ್ತಾವು. ಮೊನ್ನೆ ನನ್ನ ತಮ್ಮಂದ ಕುಣಿ ನಾನ ತೋಡೇನಿ. ಅದನ್ನೆಲ್ಲಾ ಹೊಟ್ಟ್ಯಾಗ ಇಟಗೊಂಡು ಸುಮ್ಮ ಮನಿಗೆ ಬಂದು ಉಣ್ಣಾಕ ಆಕ್ಕೈತೇನು? ಒಂದ ಗುಟುಕು ಬೇಕಾಕ್ಕೈತಿ."

"ಇವರಿಗೂ ಹಂಗ ಹೇಳಿ ಕುಡಿಸಿದ್ದಿ," ಎಂದಳು ಯಂಕವ್ವ. ದನಿ ಏರಿಸಲಿಲ್ಲ. "ಮದುವ್ಯಾದ ವರ್ಷ. ಮೊದಲನೇ ಕುಣಿ. ಒಲ್ಲೆ ಅಂದ್ರ 'ಗಂಡಸಲ್ಲೇನು' ಅಂದ್ರಂತ. ಅವರ ನನಗ ನಕ್ಕೋತ ಹೇಳತಿದ್ರು. ಇವತ್ತ ಆ ಗ್ಲಾಸು ನನ್ನ ಮಗಳ ಗಂಡನ ಕೈಯಾಗ ಕೊಡ್ತಿ. ನಾ ಹ್ಯಾಂಗ ತಂದು ಕೊಡ್ಲಿ?"

ಯಾರೋ ಹಿರಿಯರು, "ಇದ್ದದ್ದು ನಡೆಸಿಬಿಡವ್ವಾ, ಹೆಣ ಕಾಯಬಾರದು" ಎಂದರು. ಶಿವನಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡ. "ಹಂಗಾರ ನೀವ ತೋಡಕೋರಿ," ಎಂದು ನಡೆದುಬಿಟ್ಟ.

ದ್ಯಾಮೇಶ ಮೂಲೆಯಲ್ಲಿದ್ದ ಮಾವನ ಹಾರೆ ತೆಗೆದುಕೊಂಡು ಹೊರಟ.

ಎರೆಭೂಮಿ ಬೇಸಗೆಯಲ್ಲಿ ಕಲ್ಲಿಗೂ ಮಿಗಿಲು. ಮಧ್ಯಾಹ್ನವಾದರೂ ಅವನು ಮೊಣಕಾಲಿಗಿಂತ ಕೆಳಗೆ ಇಳಿದಿಲ್ಲವೆಂಬ ಸುದ್ದಿ ಬಂತು. ಅಂಗಳದಲ್ಲಿ ಹೆಣಕ್ಕೆ ಹಚ್ಚಿದ ವಿಭೂತಿ ಬೆವರಿನಂತೆ ಇಳಿಯುತ್ತಿತ್ತು. ತನ್ನ ಹಟದಿಂದ ಗಂಡ ಬಿಸಿಲಲ್ಲಿ ಕಾಯುವಂತಾಯಿತಲ್ಲ ಎಂದುಕೊಂಡು ಯಂಕವ್ವ ಸೆರಗಿನಿಂದ ಅವನ ಮುಖಕ್ಕೆ ನೆರಳು ಹಿಡಿದಳು. ಬಾಟಲಿ ತರಿಸಿಬಿಡಲೇ ಎಂದು ಒಮ್ಮೆ ಅನ್ನಿಸಿದ್ದೂ ಖರೆ. ಆಮೇಲೆ ಎದ್ದು, ಮತ್ತೆ ಚಹಾ ತಂದಿದ್ದ ರಮಜಾನಬಿಯ ಕೈಯಿಂದ ಕಿಟ್ಲಿ ಇಸಿದುಕೊಂಡಳು.

"ಎಲ್ಲಿಗಬೇ? ಕುಣಿ ತೋಡೂ ಕಡೆ ಹೆಣ್ಮಕ್ಕಳು ಹೋಗಬಾರದು," ಎಂದರು ಯಾರೋ.

"ಬಾಟ್ಲಿ ಹೊಕ್ಕೈತಿ, ನಾ ಹೋಗಬಾರದೇನು?" ಎಂದು ಅವಳು ನಡೆದಳು.

ಸುಡುಗಾಡಿನಲ್ಲಿ ದ್ಯಾಮೇಶ ಒಬ್ಬನೇ ಹಾರೆ ಹಾಕುತ್ತಿದ್ದ. ಅಂಗೈಯ ಬೊಬ್ಬೆಗಳು ಒಡೆದಿದ್ದವು. ಶಿವನಪ್ಪ ಮನೆಗೆ ಹೋಗಿರಲಿಲ್ಲ. ಉಳಿದಿಬ್ಬರೊಂದಿಗೆ ಜಾಲಿಯ ನೆರಳಲ್ಲಿ ಕೂತಿದ್ದ. ಗೆಳೆಯನನ್ನು ಬಿಟ್ಟು ಹೋಗಲೂ ಆಗದೆ, ಕೆಲಸಕ್ಕೆ ಏಳಲೂ ಆಗದೆ ಮುಖ ಒಣಗಿಸಿಕೊಂಡಿದ್ದ. ಯಂಕವ್ವ ಅಳಿಯನಿಗೆ ಚಹಾ ಕೊಟ್ಟು, ಇನ್ನೊಂದು ಗ್ಲಾಸಿಗೆ ಬಗ್ಗಿಸಿ ಶಿವನಪ್ಪನ ಮುಂದೆ ಹಿಡಿದಳು.

ಅವನು ಕೈ ಚಾಚಲಿಲ್ಲ. ಕೈಗಳನ್ನು ಮೊಣಕಾಲ ಸಂದಿಯಲ್ಲಿ ಅದುಮಿಟ್ಟುಕೊಂಡ.

"ನಿನ್ನ ಕೈ ನಡಗತಾವಂತ ನನಗ ಗೊತ್ತೈತಣ್ಣಾ," ಎಂದಳು. "ಇವರ ಕೈನೂ ಹಂಗ ನಡಗತಿದ್ದುವು. ಮುಂಜಾನೆ ನಾನ ಕುಡಸ್ತಿದ್ದೆ."

ಅವಳು ಅವನ ಎದುರು ಕುಕ್ಕರಗಾಲಲ್ಲಿ ಕೂತು ಗ್ಲಾಸನ್ನು ತುಟಿಗೆ ಹಿಡಿದಳು. ಅವನು ಗುಟುಕು ಗುಟುಕಾಗಿ ಕುಡಿದ. ಅರ್ಧ ಗಡ್ಡದ ಮೇಲೆ ಇಳಿಯಿತು. ಅವಳು ಸೆರಗಿನಿಂದ ಒರೆಸಿದಳು. ಉಳಿದಿಬ್ಬರು ಬೇರೆ ಕಡೆ ಮುಖ ತಿರುಗಿಸಿದರು.

ಸ್ವಲ್ಪ ಹೊತ್ತಿನ ಮೇಲೆ ಶಿವನಪ್ಪ ಎದ್ದು ಕುಣಿಗೆ ಇಳಿದ. "ಹಾರಿ ಹಂಗ ಹಿಡೀಬಾರದೋ, ಸೊಂಟ ಹೊಕ್ಕೈತಿ," ಎಂದು ದ್ಯಾಮೇಶನಿಗೆ ಗದರಿದ. ಎರಡೇಟು ಹಾಕಿ ಉಸಿರು ಹತ್ತಿ ನಿಂತ, ಮತ್ತೆ ಎರಡೇಟು. ಉಳಿದಿಬ್ಬರೂ ಸಲಿಕೆ ತೆಗೆದುಕೊಂಡರು. ಯಂಕವ್ವ ಖಾಲಿ ಕಿಟ್ಲಿ ಹಿಡಿದು ಹೊರಟಾಗ ಶಿವನಪ್ಪ ಕುಣಿಯೊಳಗಿಂದ ತಲೆ ಎತ್ತದೆ ಹೇಳಿದ: "ನನ್ನ ಕುಣಿ ತೋಡೂಮುಂದೂ ಚಹಾನ ತಂದು ಕೊಡಬೇ. ಮನ್ಯಾಗ ಹೇಳಿಡ್ತೀನಿ."

ಹೊತ್ತು ಮುಳುಗುವ ಮುಂಚೆ ಮಣ್ಣಾಯಿತು. ಬರುವಾಗ ಶಿವನಪ್ಪ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದ. ಎಲ್ಲಿಗೆಂದು ಎಲ್ಲರಿಗೂ ಗೊತ್ತಿತ್ತು, ಯಂಕವ್ವ ಕರೆಯಲಿಲ್ಲ. ಅವನ ಮನೆಯಲ್ಲೂ ದಪ್ಪ ರೊಟ್ಟಿ ಕಾಯುತ್ತಿರಬಹುದು. ಒಂದು ಚಹಾದಿಂದ ಇಷ್ಟು ವರ್ಷದ್ದು ಬಿಟ್ಟೀತೆಂದು ನಂಬುವಷ್ಟು ಹುಡುಗಿಯಲ್ಲ ಅವಳು.

ದ್ಯಾಮೇಶ ಬಾಗಿಲಲ್ಲಿ ಕಾಲು ತೊಳೆಯಲು ನಿಂತ. ಬೊಬ್ಬೆ ಒಡೆದ ಕೈಗೆ ಗೌತಮಿ ನೀರು ಹಾಕುತ್ತ ಹಾಕುತ್ತ ಒಮ್ಮೆ ಅವನ ಮುಖದ ಹತ್ತಿರ ಬಗ್ಗಿದಳು. ಚಿಕ್ಕವಳಿದ್ದಾಗ "ಹೋಗು, ಅಪ್ಪನ ಬಾಯಿ ವಾಸನಿ ನೋಡ್ಕೊಂಡು ಬಾ" ಎಂದು ಯಂಕವ್ವನೇ ಅವಳನ್ನು ಕಳಿಸುತ್ತಿದ್ದಳು. ಹುಡುಗಿ ಬಂದು ತಲೆ ಅಲ್ಲಾಡಿಸಿದರೆ ರಾತ್ರಿಯ ಗತಿ ಗೊತ್ತಾಗುತ್ತಿತ್ತು. ಆ ರೂಢಿ ಮಗಳನ್ನು ಬಿಟ್ಟಿರಲಿಲ್ಲ.

ಗೌತಮಿ ತಾಯಿಯ ಕಡೆ ತಿರುಗಿದಳು.

"ಚಹಾದ ವಾಸನಿ, ಅವ್ವಾ," ಎಂದಳು.

ಬೆಳಗಿನಿಂದ ಅಳದಿದ್ದ ಯಂಕವ್ವ ಗ್ಯಾನಪ್ಪ ಮಲಗುತ್ತಿದ್ದ ಕಟ್ಟೆಯ ಮೇಲೆ ಕೂತು ಆಗ ಅತ್ತಳು.