ಮಗಳ ಅಳತೆ

ಮೂರು ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ಅವಳು ತನ್ನ ಒಂಟಿ ಕೋಣೆ ಸೇರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ನೋಡಿಕೊಳ್ಳುವವರಿಲ್ಲದೆ ಮಗಳನ್ನು ದೂರದೂರಿನ ಅಕ್ಕನ ಮನೆಯಲ್ಲಿ ಬಿಟ್ಟು ಎರಡು ವರ್ಷವಾಗಿತ್ತು. ಮೊದಮೊದಲು ಮಗು ಫೋನಿನಲ್ಲಿ, "ಅಮ್ಮಾ, ಯಾವಾಗ ಬರ್ತೀಯಾ?" ಎನ್ನುತ್ತಿತ್ತು. ಈಚೆಗೆ ಕೇಳುವುದನ್ನೇ ಬಿಟ್ಟಿತ್ತು.

ಪಕ್ಕದ ಮನೆಯ ಟೈಲರಕ್ಕನಿಗೆ ಇದೆಲ್ಲ ಗೊತ್ತು. ಒಂದು ಭಾನುವಾರ ಆಕೆ ಹಳೇ ಬಟ್ಟೆಯ ಗಂಟೊಂದನ್ನು ತಂದು ಮುಂದಿಟ್ಟಳು.

"ನಮ್ಮ ಮಹಿಳಾ ಸಂಘದವರು ಮನೆಮನೆಯಿಂದ ಕೂಡಿಸಿದ್ದು. ಒಗೆದು, ಹೊಲಿದು, ಇಸ್ತ್ರಿ ಹಾಕಿ ಮಾರು. ಸಂಘದ ಪಾಲು ಮಾರಿದ ಮೇಲೆ ಕೊಟ್ರೆ ಸಾಕು. ಮನೇಲಿದ್ದುಕೊಂಡೇ ಮಾಡಬಹುದು ಕಣೇ."

"ಯಾರೋ ಹಾಕಿ ಬಿಟ್ಟಿದ್ದನ್ನ ಯಾರು ಕೊಳ್ತಾರಕ್ಕಾ? ಜನ ಆಡಿಕೊಳ್ತಾರೆ."

"ನಿನ್ನ ಮೈಮೇಲಿರೋದು ಎಲ್ಲಿಂದ ಬಂತು?"

ಕೆಲಸದ ಮನೆಯಾಕೆ ಕೊಟ್ಟಿದ್ದು! ಇಬ್ಬರಿಗೂ ನಗು ಬಂತು.

ಗಂಟು ಬಿಚ್ಚಿದಾಗ ಹಳದಿ ಫ್ರಾಕೊಂದು ಸಿಕ್ಕಿತು. ಮಗಳಿಗೆ ಆಗುತ್ತದೆಯೇ? ಅವಳು ಮಗಳ ಎತ್ತರಕ್ಕೆ ಗಾಳಿಯಲ್ಲಿ ಕೈ ಚಾಚಿ ನೋಡಿದಳು. ಇಷ್ಟೆತ್ತರ ಇದ್ದಾಳೋ, ಇನ್ನೂ ಬೆಳೆದಿದ್ದಾಳೋ? ಎಲ್ಲಿ ನಿಲ್ಲಬೇಕೆಂದು ಕೈಗೆ ತಿಳಿಯಲಿಲ್ಲ. ಫ್ರಾಕಿನಲ್ಲಿ ಮುಖ ಹುದುಗಿಸಿ ಅತ್ತಳು.

"ಅತ್ತು ಹಗುರಾಗು. ಹೇಗೂ ಒಗೀಬೇಕಲ್ಲ," ಎಂದು ಟೈಲರಕ್ಕ ಬೆನ್ನು ಸವರಿದಳು.

ಚೆನ್ನಾಗಿರುವುದು, ಹರಿದದ್ದು, ಕಲೆಯಾದದ್ದು ಬೇರೆ ಮಾಡುವುದನ್ನು ಕಲಿಸಿದವಳೂ ಅವಳೇ. "ಬಟ್ಟೇಲಿ ಏನಾದ್ರೂ ಕುಂದಿದ್ರೆ ಗಿರಾಕಿಗೆ ಬಾಯಿಬಿಟ್ಟು ಹೇಳು, ಮುಚ್ಚಿಡಬೇಡ."

ಮುಂದಿನ ಭಾನುವಾರ ಗಲ್ಲಿಯ ಬಾಯಲ್ಲಿ ಹಗ್ಗ ಕಟ್ಟಿ ಬಟ್ಟೆ ತೂಗುಹಾಕಿದಳು. ಬಹಳ ಹೊತ್ತು ಯಾರೂ ನಿಲ್ಲಲಿಲ್ಲ. ಕೊನೆಗೆ ತರಕಾರಿ ಮಾರುವಾಕೆ ಒಂದು ಅಂಗಿ ಎತ್ತಿಕೊಂಡಳು.

"ತೋಳಿನ ಹತ್ರ ಹರಿದಿತ್ತು, ಹೊಲಿದಿದೀನಿ. ನೋಡಿ ತಗೊಳ್ಳಿ."

"ನೀನು ಹೇಳ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ!" ಎಂದ ಆಕೆ ಎರಡು ಅಂಗಿ ಕೊಂಡಳು. ಮರುವಾರ ನಾದಿನಿಯನ್ನೂ ಕರೆತಂದಳು.

ಗಿರಾಕಿಗಳು ಮನೆಯನ್ನೇ ಹುಡುಕಿಕೊಂಡು ಬರತೊಡಗಿದರು. ಅವಳು ಮೊದಲು ಒಂದು ಮನೆಗೆಲಸ ಬಿಟ್ಟಳು. ವರ್ಷ ತುಂಬುವುದರೊಳಗೆ ಮೂರನ್ನೂ ಬಿಟ್ಟು, ಮಗಳನ್ನು ಕಳಿಸಿಕೊಡೆಂದು ದೂರದೂರಿನ ಅಕ್ಕನಿಗೆ ಫೋನು ಮಾಡಿದಳು.

"ಹಳೇ ಬಟ್ಟೆ ನಂಬಿಕೊಂಡು ಮಗೂನ ಕರೆಸ್ಕೊಳ್ತೀಯೇನೇ?" ಎಂದು ಗದರಿದ ಅಕ್ಕ, ಕಣ್ಣಾರೆ ನೋಡಲೆಂದು ಮಗುವಿನೊಂದಿಗೆ ತಾನೇ ಬಂದಳು. ಬಾಗಿಲಲ್ಲಿ ಮೂವರು ಗಿರಾಕಿಗಳು! ಅಕ್ಕ ಕುಳಿತು ಬಟ್ಟೆ ಮಡಚತೊಡಗಿದಳು.

ಮಗಳು ಮಾತ್ರ ಹೊಸ್ತಿಲಲ್ಲೇ ನಿಂತಿದ್ದಳು. ಹೆಗಲ ಚೀಲ ಇಳಿಸಿರಲಿಲ್ಲ.

"ಅಮ್ಮಾ, ನಾನಿಲ್ಲಿ ಎಷ್ಟು ದಿನ ಇರ್ಬೇಕು?"

"ನೀನು ಓದಿ ದೊಡ್ಡವಳಾಗೋವರೆಗೂ, ಕಂದಾ."

ಮಗಳು ಚೀಲ ಕೆಳಗಿಟ್ಟಳು.

ಅಕ್ಕತಂಗಿಯರೇ, ದುಡಿಮೆಗಾಗಿ ನೀವೂ ಯಾರನ್ನೋ ದೂರ ಬಿಟ್ಟಿರಬಹುದು. ನಿಮ್ಮ ಬೀದಿಯ ಮಹಿಳಾ ಸಂಘಕ್ಕೆ ಈ ವಾರವೇ ಹೋಗಿ, ಹಳೆ ಬಟ್ಟೆಯ ಮರುಮಾರಾಟದ ಕೆಲಸದ ಬಗ್ಗೆ ಕೇಳಿ. ಒಬ್ಬರೇ ಹೋಗಲು ಸಂಕೋಚವೇ? ಪಕ್ಕದ ಮನೆಯವಳನ್ನೂ ಕರೆದುಕೊಂಡು ಹೋಗಿ.