ಮೂಗಿಗೆ ಬರುವ ವಸಂತ

ಆ ಬಯಲಲ್ಲಿ ಚಳಿಗಾಲ ಮುರಿಯಿತು ಅನ್ನುವುದು ಮೊದಲು ಗೊತ್ತಾಗುವುದು ಮೂಗಿಗೆ. ಹಿಮ ಇನ್ನೂ ಕಿಟಕಿಯ ಅರ್ಧಕ್ಕೆ ನಿಂತಿರುತ್ತದೆ, ಬಾವಿಯ ಪಂಪು ಹೆಪ್ಪುಗಟ್ಟಿ ಕೂತಿರುತ್ತದೆ. ಆದರೂ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಯಾರೋ ಬಾಗಿಲು ತೆರೆದು ಮೂಗರಳಿಸಿ, "ಎದ್ದಿದೆ ಕಣ್ರೋ!" ಅನ್ನುತ್ತಾರೆ. ಎದ್ದದ್ದು ಸ್ಕಂಕ್. ಬೆಕ್ಕಿನಷ್ಟು ಗಾತ್ರ, ಕರಿ ಮೈ, ಬೆನ್ನುದ್ದಕ್ಕೂ ಎರಡು ಬಿಳಿ ಪಟ್ಟೆ. ಚಳಿಗಾಲವೆಲ್ಲ ಗೋಧಿ ಕಣಜದ ಅಡಿಯಲ್ಲಿ ಬಿಲ ಮಾಡಿಕೊಂಡು ಮಲಗಿದ್ದು, ಆಗ ಹೆಣ್ಣು ಹುಡುಕಿಕೊಂಡು ಹೊರಬೀಳುತ್ತದೆ. ಅಡ್ಡ ಬಂದವರತ್ತ ಬಾಲವೆತ್ತಿ ಒಂದು ಸಲ ಗಬ್ಬುನೀರಿನ ಪಿಚಕಾರಿ ಹೊಡೆಯಿತೋ, ಅರ್ಧ ಮೈಲಿ ದೂರದ ಮನೆಯವರೂ ಊಟ ಬಿಟ್ಟು ಏಳಬೇಕು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಝೋರಿಯಾ ಊರಿನವರು ಅದನ್ನು ಬೈಯುತ್ತಲೇ ಕಾಯುತ್ತಾರೆ. ವರ್ಷದ ಮೊದಲ ವಾಸನೆ ಹಿಡಿದವರಿಗೆ ಅಂಚೆ ಕಚೇರಿ ಪಕ್ಕದ ಕಾಫಿ ಅಂಗಡಿಯಲ್ಲಿ ಆವತ್ತು ಒಂದು ತುಂಡು ಸೇಬಿನ ಪೈ ಬಿಟ್ಟಿ.

ಪರಾಸ್ಕಾ ಮಾತ್ರ ಎರಡು ವರ್ಷದಿಂದ ವಸಂತ ಬಂದದ್ದನ್ನು ಕ್ಯಾಲೆಂಡರ್ ನೋಡಿ ತಿಳಿದುಕೊಳ್ಳುತ್ತಿದ್ದಳು.

ಊರೂರನ್ನೇ ಮಲಗಿಸಿದ ಆ ಜ್ವರ ಅವಳನ್ನು ಹತ್ತೇ ದಿನಕ್ಕೆ ಬಿಟ್ಟು ಹೋಗಿತ್ತು. ಹೋಗುವಾಗ ಮೂಗನ್ನು ಗಂಟು ಕಟ್ಟಿಕೊಂಡು ಹೋಯಿತು. ಮುಖದ ಮೇಲೆ ಮೂಗೇನೋ ಇತ್ತು, ಕನ್ನಡಕ ಕೂರಿಸುವುದಕ್ಕೆ. ಕಾಫಿ ಬಿಸಿನೀರಾಯಿತು, ಬ್ರೆಡ್ಡು ಹತ್ತಿಯಾಯಿತು. ಹಾಳಾಗಿ ಹೋಗಲಿ ಅಂದುಕೊಂಡು ಅದನ್ನೆಲ್ಲ ತಡೆದುಕೊಳ್ಳಬಲ್ಲವಳೇ ಅವಳು. ತಡೆಯಲಾರದ್ದು ಬೇರೆ ಇತ್ತು. ಗಂಡ ಇಲ್ಕೋ ತೀರಿಕೊಂಡು ಐದು ವರ್ಷ. ಅವನ ಕೆಲಸದ ಕೋಟು ಕಪಾಟಿನಲ್ಲಿ ಒಗೆಯದೆ ತೂಗುತ್ತಿತ್ತು. ದಿನಕ್ಕೊಂದು ಸಲ ಕಪಾಟು ತೆರೆದು ಅದರ ಕತ್ತುಪಟ್ಟಿಗೆ ಮುಖ ಇಟ್ಟರೆ ಇಲ್ಕೋ ಅಲ್ಲಿರುತ್ತಿದ್ದ: ಡೀಸೆಲ್, ಗೋಧಿಯ ಧೂಳು, ತಂಬಾಕು, ಅವೆಲ್ಲದರ ಅಡಿಯಲ್ಲಿ ಹೆಸರಿಲ್ಲದ ಇನ್ನೇನೋ ಒಂದು. ಜ್ವರ ಬಿಟ್ಟ ಮೂರನೆಯ ದಿನ ಕಪಾಟು ತೆರೆದಾಗ ಅಲ್ಲಿ ಒಂದು ಕೋಟು ಇತ್ತು, ಅಷ್ಟೆ. ಆವತ್ತು ಅವಳು ಎರಡನೆಯ ಸಲ ವಿಧವೆಯಾದಳು.

ಪಟ್ಟಣದ ಡಾಕ್ಟರು ನಾಲ್ಕು ಪುಟ್ಟ ಸೀಸೆ ಕೊಟ್ಟಿದ್ದರು. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ. "ಬೆಳಿಗ್ಗೆ ಸಂಜೆ ಒಂದೊಂದಾಗಿ ಮೂಸಿ. ಮೂಸುವಾಗ ಆ ವಾಸನೆ ಹೇಗಿತ್ತು ಅಂತ ಮನಸ್ಸಿಗೆ ತಂದ್ಕೊಳ್ಳಿ. ಬಂದರೂ ಬರಬಹುದು," ಅಂದಿದ್ದರು. ಪರಾಸ್ಕಾ ಪ್ರಾರ್ಥನೆ ತಪ್ಪಿಸಿದ ದಿನವುಂಟು, ಸೀಸೆ ತಪ್ಪಿಸಿದ ದಿನವಿಲ್ಲ. ಗುಲಾಬಿಯ ಸೀಸೆ ಮೂಸುವಾಗ ಅಮ್ಮನ ಬೇಲಿಯ ಗುಲಾಬಿ ನೆನಪಿಗೆ ಬರುತ್ತಿತ್ತು. ಅದರ ಬಣ್ಣ, ಮುಳ್ಳು, ಮೇಲೆ ಕೂತ ಜೇನುನೊಣ ಸಹಿತ ಬರುತ್ತಿತ್ತು. ವಾಸನೆ ಮಾತ್ರ ಬರುತ್ತಿರಲಿಲ್ಲ.

ಇದನ್ನು ಅವಳು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಕಾರಣವಿತ್ತು. ಗುರುವಾರ ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಸೇರಿ, ಮಾರನೆಯ ದಿನದ ಊಟಕ್ಕೆ ಆಲೂಗಡ್ಡೆ ಹೂರಣದ ಕಡುಬು ಕಟ್ಟುತ್ತಾರೆ. ಅಲ್ಲಿ ಮೂವತ್ತು ವರ್ಷದಿಂದ ಪರಾಸ್ಕಾಳದೇ ಮೂಗು. "ಪರಾಸ್ಕಾ, ಈರುಳ್ಳಿ ಆಯ್ತೇನೇ ನೋಡು. ಪರಾಸ್ಕಾ, ಸಾರಿಗೆ ಸಬ್ಬಸಿಗೆ ಸಾಕಾ?" ಅವಳು ಮೂಗರಳಿಸಿದ ಹಾಗೆ ಮಾಡಿ, ಈರುಳ್ಳಿಯ ಬಣ್ಣ ನೋಡಿ, "ಇನ್ನೊಂದು ನಿಮಿಷ," ಅನ್ನುತ್ತಿದ್ದಳು. ಕಣ್ಣಲ್ಲಿ ಮೂಸುವುದನ್ನು ಕಲಿತುಬಿಟ್ಟಿದ್ದಳು.

ಆ ಗುರುವಾರ ಬೆಳಿಗ್ಗೆ ಎಂದಿನಂತೆ ನಾಯಿಯನ್ನು ಅಂಗಳಕ್ಕೆ ಬಿಟ್ಟಳು. ಸಿರ್ಕೋ ಅಂದರೆ ಇಲ್ಕೋನ ನಾಯಿ, ಬೂದಿ ಬಣ್ಣದ ಜೂಲು ಪ್ರಾಣಿ, ಒಂಬತ್ತು ವರ್ಷದ್ದು. ಇಲ್ಕೋ ಇದ್ದಾಗ ಸುತ್ತಲ ಹೊಲದವರೆಲ್ಲ ಕಣಜದಡಿಗೆ ಸ್ಕಂಕ್ ಹೊಕ್ಕರೆ ಅವನನ್ನೇ ಕರೆಸುತ್ತಿದ್ದರು. ಅವನು ಬಿಲದ ಬಾಯಿಗೆ ಒಂದು ಹಿಡಿ ಹಿಟ್ಟು ಉದುರಿಸಿ, ಸಂಜೆಯವರೆಗೂ ಕಾಯುತ್ತಿದ್ದ. ಹಿಟ್ಟಿನ ಮೇಲೆ ಹೆಜ್ಜೆ ಹೊರಗಡೆಗೆ ಮೂಡಿದರೆ ಬಿಲ ಖಾಲಿ. ಕಲ್ಲು ಜಡಿದು ಮುಚ್ಚುತ್ತಿದ್ದ. ಮರಿಗಳಿದ್ದರೆ ಅವು ನಡೆಯುವವರೆಗೆ ಮುಟ್ಟುತ್ತಿರಲಿಲ್ಲ. ಅವನು ಹೋದಮೇಲೆ ಅವನ ಸ್ವಂತ ಕಣಜದಡಿಯಲ್ಲೇ ಒಂದು ಸ್ಕಂಕ್ ಸಂಸಾರ ಹೂಡಿತ್ತು. ಪರಾಸ್ಕಾ ಅದರ ತಂಟೆಗೆ ಹೋಗಿರಲಿಲ್ಲ.

ಸಿರ್ಕೋ ಸೀನುತ್ತ ವಾಪಸು ಬಂದ. ಮುಖವನ್ನು ಹಿಮಕ್ಕೆ ಉಜ್ಜಿದ, ಬಾಗಿಲ ಕಾಲೊರಸಿಗೆ ಉಜ್ಜಿದ, ಆಮೇಲೆ ಅವಳ ಮಡಿಲಿಗೇ ತಲೆ ತೂರಿಸಿದ. ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು.

"ಏನೋ ಮುದುಕ, ಕಣ್ಣಿಗೆ ಕಡ್ಡಿ ಹೋಯ್ತಾ?" ಅಂದು ಪರಾಸ್ಕಾ ಅವನ ಮುಖವನ್ನು ತನ್ನ ಏಪ್ರನ್ನಿನಲ್ಲೇ ಒರೆಸಿದಳು, ತಬ್ಬಿ ತಟ್ಟಿದಳು, ಒಲೆಯ ಪಕ್ಕ ಮಲಗಿಸಿದಳು. ಆಮೇಲೆ ತಲೆವಸ್ತ್ರ ಕಟ್ಟಿ, ಕೋಟು ತೊಟ್ಟು, ಚರ್ಚಿಗೆ ನಡೆದಳು.

ನೆಲಮಾಳಿಗೆಯಲ್ಲಿ ಹತ್ತು ಹನ್ನೊಂದು ಹೆಂಗಸರು ಉದ್ದ ಮೇಜಿನ ಸುತ್ತ ಕೂತು ಕಡುಬಿನ ಅಂಚು ಚಿವುಟುತ್ತಿದ್ದರು. ಇವಳು ಇಳಿದು ಬಂದದ್ದೇ ಮಾತು ನಿಂತಿತು. ಪಕ್ಕದಲ್ಲಿದ್ದವಳು, "ಹಿಟ್ಟು ತರ್ತೀನಿ," ಅಂತ ಎದ್ದಳು. ಎದುರಿನವಳು, "ಒಲೆ ನೋಡ್ಬೇಕು," ಅಂತ ಎದ್ದಳು. ಮೂರನೆಯವಳು ಯಾವ ನೆವವೂ ಸಿಗದೆ ಸುಮ್ಮನೆ ಎದ್ದಳು. ಒಂದು ನಿಮಿಷದಲ್ಲಿ ಮೇಜಿನ ಆ ತುದಿಯಲ್ಲಿ ಪರಾಸ್ಕಾ ಒಬ್ಬಳೇ, ಎದುರಿಗೆ ಒಂದು ಬೋಗುಣಿ ಹೂರಣ.

ಅವಳು ಒಂದು ಕಡುಬು ಕೈಗೆತ್ತಿಕೊಂಡು ತಲೆ ಬಗ್ಗಿಸಿದಳು. 'ಗೊತ್ತಾಗಿಬಿಟ್ಟಿದೆ ಇವರಿಗೆ. ಹೋದ ವಾರದ ಸಾರು ಏನೋ ಆಗಿರಬೇಕು.' ಹೇಳಿಬಿಡೋಣವೇ ಅಂತ ತಲೆಯೆತ್ತುವಷ್ಟರಲ್ಲಿ, ಮೂಲೆಯ ಕುರ್ಚಿಯಿಂದ ತೊಂಬತ್ತೊಂದರ ನಾಸ್ತಾ ಅಜ್ಜಿ ಕೂಗಿತು. ಅಜ್ಜಿಗೆ ಕಿವಿ ಮಂದ, ಹಾಗಾಗಿ ಊರೆಲ್ಲ ಕಿವುಡು ಅನ್ನುವಂತೆ ಮಾತು.

"ಯಾವಳೇ ಅದು, ಸ್ಕಂಕ್‌ನ ಕಂಕುಳಲ್ಲಿ ಇಟ್ಕೊಂಡು ಬಂದಿರೋಳು?"

ಯಾರೋ ಕಿಸಕ್ಕೆಂದರು. ಅದೇ ಸಾಕಾಯಿತು, ನೆಲಮಾಳಿಗೆಯೇ ನಕ್ಕಿತು. ಪಕ್ಕದ ಹೊಲದ ವರ್ನಾ ಮೂಗಿಗೆ ತೋಳು ಅಡ್ಡ ಹಿಡಿದು ಹತ್ತಿರ ಬಂದಳು. "ಪರಾಸ್ಕಾ, ನಿನ್ನ ನಾಯಿಗೆ ಹೊಡೆದಿದೆ ಕಣೇ. ನಿನ್ನ ಮೈಯೆಲ್ಲ ಅದೇ. ಗೊತ್ತಾಗ್ಲಿಲ್ವಾ ನಿಂಗೆ?"

"ಇಲ್ಲ."

"ಇಲ್ಲ ಅಂದ್ರೆ? ನೀನು ಮೆಟ್ಲು ಇಳಿಯೋಕ್ ಮುಂಚೆ ನಿನ್ನ ವಾಸನೆ ಇಳೀತು!"

ಪರಾಸ್ಕಾ ಕೈಯಲ್ಲಿದ್ದ ಕಡುಬಿನ ಅಂಚನ್ನು ಚಿವುಟಿ ಮುಗಿಸಿ ತಟ್ಟೆಯಲ್ಲಿಟ್ಟಳು. "ನನಗೆ ಯಾವ ವಾಸನೇನೂ ಬರಲ್ಲ, ವರ್ನಾ. ಆ ಜ್ವರ ಬಂತಲ್ಲ, ಆವಾಗಿಂದ."

ನಗು ತಟ್ಟನೆ ಕೂತಿತು. ಒಲೆಯ ಬಳಿಯಿಂದ ಒಬ್ಬಳು ಮೆಲ್ಲಗೆ, "ಹಾಗಾದ್ರೆ ನಮ್ಮ ಈರುಳ್ಳಿ?" ಅಂದಳು.

"ಬಣ್ಣ ನೋಡಿ ಹೇಳ್ತಿದ್ದೆ."

"ಏನಂತೆ ಅವಳಿಗೆ?" ಅಜ್ಜಿ ಕೇಳಿತು. ಯಾರೋ ಕಿವಿಯಲ್ಲಿ ಕೂಗಿ ಹೇಳಿದರು. ಅಜ್ಜಿ ತಲೆದೂಗಿತು. "ಅದಕ್ಕೇ ಎರಡು ವರ್ಷದಿಂದ ಕಡುಬು ಇಷ್ಟು ಚೆನ್ನಾಗಿ ಬರ್ತಿರೋದು!"

ಈ ಸಲ ಪರಾಸ್ಕಾಳೂ ನಕ್ಕಳು. ನಗುವಾಗ ಕಣ್ಣಲ್ಲಿ ನೀರು ಬಂದದ್ದನ್ನು ಎಲ್ಲರೂ ಈರುಳ್ಳಿಯ ಲೆಕ್ಕಕ್ಕೆ ಹಾಕಿದರು.

ವರ್ನಾ ಅವಳನ್ನು ತನ್ನ ಪಿಕಪ್ ಗಾಡಿಯಲ್ಲಿ ಮನೆಗೆ ಕರೆದೊಯ್ದಳು. ಹೊರಗೆ ಮೈ ಕೊರೆಯುವ ಗಾಳಿ, ಕಿಟಕಿಯೆಲ್ಲ ತೆರೆದಿತ್ತು.

"ನಂಗಾದ್ರೂ ಹೇಳ್ಬಾರ್ದಿತ್ತೇನೇ?"

"ಹೇಳಿದ್ರೆ ಏನ್ ಮಾಡ್ತಿದ್ದೆ? ನಿನ್ನ ಮೂಗು ಕಡ ಕೊಡ್ತಿದ್ಯಾ?"

"ಕೊಡ್ತಿದ್ದೆ. ಇವತ್ತಂತೂ ಸಂತೋಷವಾಗಿ ಕೊಡ್ತೀನಿ, ತಗೋ," ಅಂದಳು ವರ್ನಾ, ತಲೆಯನ್ನು ಕಿಟಕಿಯಾಚೆ ಹಾಕಿಕೊಂಡೇ ಗಾಡಿ ಓಡಿಸುತ್ತ.

"ನಮ್ಮನೆ ನೆಲಮಾಳಿಗೇಲಿ ಟೊಮ್ಯಾಟೊ ರಸದ ಭರಣಿ ಆರು ಇವೆ," ಅಂದಳು ಪರಾಸ್ಕಾ. "ಅಮ್ಮ ಅದರಲ್ಲೇ ತೊಳೀತಿದ್ಲು."

"ನಿಮ್ಮಮ್ಮ ಪುಣ್ಯಾತ್ಗಿತ್ತಿ. ಟೊಮ್ಯಾಟೊ ಹಾಕಿದ್ರೆ ಸ್ಕಂಕ್ ಸಾರಾಗುತ್ತೆ, ಅಷ್ಟೆ. ಪೆರಾಕ್ಸೈಡ್ ಇದ್ಯಾ, ಗಾಯಕ್ಕೆ ಹಾಕೋದು? ಅಡುಗೆ ಸೋಡ? ಪಾತ್ರೆ ಸೋಪು? ಮೂರೂ ಬಕೆಟ್ಟಲ್ಲಿ ಕಲಸಿ ಆಗಿಂದಾಗ ಹಚ್ಬೇಕು. ನೊರೆ ಸತ್ರೆ ಕೆಲಸಕ್ಕೆ ಬರಲ್ಲ. ಮುಚ್ಚಿಡೋ ಹಾಗೂ ಇಲ್ಲ. ನಮ್ಮೆಜಮಾನ್ರು ಜಾಣತನಕ್ಕೆ ಉಳಿದದ್ದನ್ನ ಬಾಟ್ಲಿಗೆ ತುಂಬಿ ಬಿರಡೆ ಹಾಕಿಟ್ರು. ಅದು ಸಿಡಿದ ಸದ್ದಿಗೆ ಕೋಳಿಗಳು ಒಂದು ವಾರ ಮೊಟ್ಟೆ ಇಡ್ಲಿಲ್ಲ."

ಹಿತ್ತಿಲ ಬೇಸಿಗೆ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿ, ಸಿರ್ಕೋನನ್ನು ತಗಡಿನ ದೊಡ್ಡ ತೊಟ್ಟಿಗೆ ಇಳಿಸಿದರು. ವರ್ನಾ ಮೂಗಿಗೆ ಬಟ್ಟೆ ಒಣಗಿಸುವ ಕ್ಲಿಪ್ ಸಿಕ್ಕಿಸಿಕೊಂಡು ಬಾತುಕೋಳಿಯ ದನಿಯಲ್ಲಿ ಅಪ್ಪಣೆ ಕೊಟ್ಟಳು. ಬಾಲದಿಂದ ಶುರು ಮಾಡಿ ಕತ್ತಿನವರೆಗೆ ನೊರೆ ಹಚ್ಚಿ, ಹತ್ತು ನಿಮಿಷ ನೆನೆಸಿ, ಬಿಸಿನೀರು ಹೊಯ್ದರು. ಪಿಚಕಾರಿ ಬಿದ್ದದ್ದು ಮುಖದ ಎಡಭಾಗಕ್ಕೆ. ಕಣ್ಣಿಗೆ ಸೋಡ ಹೋಗಬಾರದು ಅಂತ ಅದನ್ನು ಕೊನೆಗೆ ಉಳಿಸಿಕೊಂಡಿದ್ದರು.

"ಆ ಕೆಲಸ ನಿಂದು," ಅಂದಳು ವರ್ನಾ. "ನಿನ್ನ ಮೂಗಿಗೇನೂ ನಷ್ಟ ಇಲ್ವಲ್ಲ."

ಪರಾಸ್ಕಾ ನಾಯಿಯ ತಲೆಯನ್ನು ಎದೆಗೆ ಒತ್ತಿ ಹಿಡಿದು, ಒದ್ದೆ ಬಟ್ಟೆಯಲ್ಲಿ ಕಣ್ಣಿನ ಸುತ್ತ ಒರೆಸಿದಳು, ಕೆನ್ನೆ ಒರೆಸಿದಳು. ಎಡಗಿವಿಯನ್ನು ಮಡಚಿ ಬಗ್ಗಿದಳು. ಅಲ್ಲಿ ಕೂದಲು ಬೆಚ್ಚಗೆ ಹಬೆಯಾಡುತ್ತಿತ್ತು.

ಮೊದಲಿಗೆ ಅದು ವಾಸನೆ ಅಂತ ಅನ್ನಿಸಲಿಲ್ಲ. ಹುಬ್ಬುಗಳ ನಡುವೆ, ಒಳಗಡೆಯಿಂದ, ಯಾರೋ ಬೆರಳು ಒತ್ತಿದ ಹಾಗಾಯಿತು. ಆಮೇಲೆ ಸುಟ್ಟ ರಬ್ಬರು. ಆಮೇಲೆ ಜಜ್ಜಿದ ಹಸಿ ಬೆಳ್ಳುಳ್ಳಿ. ಅದರ ಹಿಂದೆಯೇ, ಬಾಗಿಲು ಒದ್ದುಕೊಂಡು ಬಂದವನ ಹಾಗೆ, ಇಲ್ಕೋ. ಇದೇ ಅಡುಗೆಮನೆ, ಇದೇ ತೊಟ್ಟಿ, ಮೈಮೇಲೆ ಬಟ್ಟೆಯಿಲ್ಲದೆ ಬೂಟು ಮಾತ್ರ ತೊಟ್ಟು ನಿಂತು, ಅವಳು ದೂರದಿಂದ ಎರಚುತ್ತಿದ್ದ ನೀರಿಗೆ ಗಹಗಹಿಸಿ ನಗುತ್ತಿದ್ದವನು. ಪ್ರತಿ ಮಾರ್ಚಿನಲ್ಲೂ ಅವನಿಗೆ ಒಮ್ಮೆಯಾದರೂ ಹೊಡೆಯುತ್ತಿತ್ತು. ಎಷ್ಟು ತೊಳೆದರೂ ಕಿವಿಯ ಹಿಂದೆ ಚೂರು ಉಳಿಯುತ್ತಿತ್ತು, ಸುಮಾರು ಮೂರು ವಾರ. ಆ ಮೂರು ವಾರವೂ ಅವಳು ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. "ಈ ಕಡೆ ತಿರುಗೇ," ಅನ್ನುತ್ತಿದ್ದ ಅವನು. "ಹೋಗೋ ಗಬ್ಬು ಗಂಡಸೇ," ಅನ್ನುತ್ತಿದ್ದಳು ಇವಳು. ಮೂವತ್ತೆಂಟು ವಸಂತ. ಗೋಡೆ ನೋಡಿ ಮಲಗಿದ ಆ ರಾತ್ರಿಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಎರಡು ವರ್ಷ ದಾಟುತ್ತದೆ.

"ಬಂತು," ಅಂದಳು.

"ಏನ್ ಬಂತು?"

"ವಾಸನೆ."

ವರ್ನಾ ಕ್ಲಿಪ್ ಕಿತ್ತಳು. "ಸುಳ್ಳು ಹೇಳ್ಬೇಡ. ಏನ್ ವಾಸನೆ, ಹೇಳು ನೋಡೋಣ."

"ಸುಟ್ಟ ರಬ್ಬರು. ಬೆಳ್ಳುಳ್ಳಿ. ಸೋಪಿಂದು ಇಲ್ಲ, ಸೌದೇದೂ ಇಲ್ಲ. ಇದೊಂದೇ."

"ಅಯ್ಯೋ ಮಾರಾಯ್ತಿ! ಡಾಕ್ಟ್ರು ಕೊಟ್ಟ ಗುಲಾಬಿ ಬಿಟ್ಟು ಇದಾ?"

ಪರಾಸ್ಕಾ ಆಗಲೇ ಎದ್ದಿದ್ದಳು. ಒದ್ದೆ ಏಪ್ರನ್ನಿನಲ್ಲೇ ಅಂಗಳ ದಾಟಿ, ಬೂಟು ಕಳಚದೆ ಒಳಮನೆಗೆ ನುಗ್ಗಿ, ಕಪಾಟು ತೆರೆದಳು. ಕೋಟಿನ ಕತ್ತುಪಟ್ಟಿಗೆ ಮುಖ ಒತ್ತಿ ಉಸಿರೆಳೆದಳು. ಕಂಕುಳ ಹೊಲಿಗೆಗೆ ಒತ್ತಿದಳು. ಜೇಬನ್ನು ಒಳಹೊರಗು ಮಾಡಿ, ತೋಳಿನೊಳಗೆ ಮೂಗು ತೂರಿಸಿ, ಮತ್ತೆ ಕತ್ತುಪಟ್ಟಿಗೇ ಬಂದಳು.

ಬಟ್ಟೆ. ಬರೀ ಬಟ್ಟೆ.

ಮೂಗಿಗೆ ಇನ್ನೂ ಅಷ್ಟು ಬಲ ಬಂದಿಲ್ಲವೋ, ಅಥವಾ ಅವಳು ಕಾಯುತ್ತಿದ್ದ ಈ ಎರಡು ವರ್ಷದಲ್ಲಿ ಕೋಟೇ ಖಾಲಿಯಾಗಿ ಹೋಗಿತ್ತೋ. ಹೇಳುವವರು ಬೇಕಾದರೆ ಇದ್ದರು. ವರ್ನಾಳನ್ನು ಕೂಗಿ, ಮೂಸಿ ನೋಡೇ ಅನ್ನಬಹುದಿತ್ತು. ಜೇಬನ್ನು ಒಳಗೆ ತಳ್ಳಿ ಕಪಾಟು ಮುಚ್ಚಿದಳು. ಕೂಗಲಿಲ್ಲ.

ವಾಪಸು ಬಂದಾಗ ವರ್ನಾ ಅವಳ ಮುಖ ನೋಡಿದಳು. ಬಕೆಟ್ಟಿನ ತಳದಲ್ಲಿ ಉಳಿದ ನೊರೆಯನ್ನು ಚೊಂಬಿಗೆ ಬಗ್ಗಿಸಿಕೊಂಡಳು. "ಬಾ, ತಲೆ ಹಿಡ್ಕೋ. ಈ ಕಿವಿ ಒಂದಾದ್ರೆ ಮುಗೀತು."

"ಅದು ಬೇಡ."

"ಏನು ಬೇಡ?"

"ಆ ಕಿವಿ. ಇರ್ಲಿ ಬಿಡು."

"ತಲೆ ಕೆಟ್ಟಿದ್ಯೇನೇ ನಿಂಗೆ? ಭಾನುವಾರ ಚರ್ಚಲ್ಲಿ ನಿನ್ನ ಬೆಂಚಿಗೆ ಒಬ್ರೂ ಬರಲ್ಲ."

"ಬರ್ದಿದ್ರೆ ಕಾಲು ಚಾಚ್ಕೊಂಡು ಕೂತ್ಕೋತೀನಿ."

"ಪರಾಸ್ಕಾ, ನಾಯಿ ಕಣೇ ಇದು."

"ಗೊತ್ತು."

"ತೊಳೀದೇ ಬಿಟ್ರೆ ಮೂರು ವಾರ ಇರುತ್ತೆ ಇದು, ಮೂರು ವಾರ!"

"ಮೂರು ವಾರ," ಅಂದಳು ಪರಾಸ್ಕಾ, ಕೇಳದೆಯೇ ಯಾರೋ ಕೈಗೆ ಏನೋ ಇಟ್ಟಾಗ ಅನ್ನುವ ಹಾಗೆ.

ಚೊಂಬಿನಲ್ಲಿ ನೊರೆ ಸಣ್ಣಗೆ ಸಿಡಿಯುತ್ತ ಕೆಳಗಿಳಿಯುತ್ತಿತ್ತು. ವರ್ನಾ ಅದನ್ನೊಮ್ಮೆ ನೋಡಿದಳು, ಇವಳನ್ನೊಮ್ಮೆ ನೋಡಿದಳು. ಆಮೇಲೆ ಬಾಗಿಲು ತೆರೆದು ಚೊಂಬನ್ನು ಹಿಮಕ್ಕೆ ಚೆಲ್ಲಿದಳು.

ಸಿರ್ಕೋ ತೊಟ್ಟಿಯಿಂದ ಹಾರಿ ಮೈ ಕೊಡವಿ ಇಬ್ಬರಿಗೂ ಸ್ನಾನ ಮಾಡಿಸಿದ. ಪರಾಸ್ಕಾ ಒಲೆಯ ಮುಂದಿನ ಕುಳ್ಳು ಮಣೆಯ ಮೇಲೆ ಕೂತು, "ಬಾರೋ," ಅಂದಳು. ಅವನು ಬಂದು ಮೊಣಕಾಲ ಮೇಲೆ ಗದ್ದ ಇಟ್ಟ. ಅವಳು ಎಡಗಿವಿಯನ್ನು ಎತ್ತಿ, ಅಲ್ಲಿ ಮೂಗು ಊರಿ, ಕಣ್ಣು ಮುಚ್ಚಿದಳು. ಒಂದು ಉಸಿರಿಗೆ ಬರಲಿಲ್ಲ. ಎರಡನೆಯದಕ್ಕೆ ಬಂತು.

"ನಾನು ಆಚೆ ನಿಂತಿರ್ತೀನಿ," ಅಂದಳು ವರ್ನಾ, ಬಾಗಿಲನ್ನು ಮೆಲ್ಲಗೆ ಎಳೆದುಕೊಳ್ಳುತ್ತ. "ನನ್ನ ಮೂಗು ಇನ್ನೂ ಕೆಟ್ಟಿಲ್ಲ ನೋಡು, ಏನ್ ಮಾಡ್ಲಿ."